ತೂಕ ಕಡಿಮೆ ಬಿದ್ದ ಬ್ರೆಡ್ಡು

ಬೇಕರಿಯ ಮೇಲಿನ ಕೋಣೆ
ಸೋಮವಾರ, ಮಾರ್ಚ್ ಹದಿನೆಂಟು

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ಇಳಿಯಿತೇ? ಪುಟ್ಟಿಗೆ ಮುಂದಿನ ಹಲ್ಲು ಬಿದ್ದ ಸುದ್ದಿಯನ್ನು ಅಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದಾಳೆ, ಹಾಲಿನವನಿಗೆ ಎರಡು ಸಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ಹಾಗೇ ಇದೆ. ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುವುದೊಂದನ್ನು ಬಿಟ್ಟು ಉಳಿದ ಕೆಲಸವನ್ನೆಲ್ಲ ಮಾಡುತ್ತಾಳೆ. ನನಗೆ ಇನ್ನೂ ನೌಕರಿ ಸಿಕ್ಕಿಲ್ಲ. ಸಾಹಿತ್ಯ ಓದಿದವಳಿಗಾಗಿ ಯಾರೋ ಬಾಗಿಲು ತೆರೆದಿಟ್ಟು ಕಾಯುತ್ತಿರುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ ಬಿಡು. ಬೆಳಗ್ಗೆ ಅಮ್ಮನ ಜೊತೆ ಹಿಟ್ಟು ತೂಗುತ್ತೇನೆ, ಸಂಜೆ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ನಡುವಿನ ಹೊತ್ತಿನಲ್ಲಿ ಈ ಎರಡು ತಿಂಗಳು ಎಲ್ಲಿಗೆ ಹೋಗುತ್ತಿದ್ದೆ ಎಂದು ಹೇಳುವುದಕ್ಕೇ ಈ ಕಾಗದ.

ನೀನು ಕಳಿಸಿದ ಅರ್ಜಿ ಜನವರಿಯಲ್ಲೇ ತಲುಪಿತು. ನಿನ್ನ ಸಹಿ ನೋಡಿದೆ. ನಾನು ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೀಯ, ಮಾರ್ಚ್ ಕೊನೆಯೊಳಗೆ ಸಮಿತಿಗೆ ತಲುಪಬೇಕೆಂದು ಅಡಿಗೆರೆಯನ್ನೂ ಎಳೆದಿದ್ದೀಯ. ನಗರಸಭೆಯ ಮುಂದೆ ಯುದ್ಧಕ್ಕೆ ಹೋಗಿದ್ದವರೆಲ್ಲರ ಹೆಸರು ಕೆತ್ತಿದ ಗೋಡೆ ಏಳುತ್ತಿದೆ. ಸೈನ್ಯವೇ ಶಿಕ್ಷೆ ಕೊಟ್ಟು ಹೊರಗೆ ಹಾಕಿದ ಅಪ್ಪನ ಹೆಸರು ಅದರಲ್ಲಿಲ್ಲ. ಮನೆಯವರು ಕಾರಣ ಕೊಟ್ಟು ಕ್ಷಮೆ ಕೇಳಿದರೆ ಸಮಿತಿ ಅದನ್ನು ಸೇರಿಸಬಹುದು. ಇಷ್ಟು ನನಗೆ ಅರ್ಥವಾಗುತ್ತದೆ. ಸಮಿತಿಯಲ್ಲಿ ನಿನ್ನ ಮಾವನವರು ಇದ್ದಾರೆ, ಅವರ ಮುಂದೆ ನೀನು ತಲೆ ತಗ್ಗಿಸಿ ಕೂರಬೇಕಾಗಿದೆ ಅನ್ನುವುದೂ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು ಕಾರಣದ ಜಾಗದಲ್ಲಿ ನೀನು ಬರೆದಿರುವ ಸಾಲು. "ನಮ್ಮ ತಂದೆ ಓದುಬರಹ ಬಾರದ ಮುಗ್ಧರು, ಆಜ್ಞೆಯ ಅರ್ಥ ತಿಳಿಯದೆ ತಪ್ಪು ಮಾಡಿದರು." ಅಣ್ಣಾ, ಬ್ರೆಡ್ಡು ಸುತ್ತುವ ಹಳೇ ಪೇಪರನ್ನು ಮೂಲೆಯ ಜಾಹೀರಾತಿನವರೆಗೆ ಓದಿ ಮುಗಿಸದೆ ಗಿರಾಕಿಯ ಕೈಗೆ ಕೊಡದ ಮನುಷ್ಯನ ಬಗ್ಗೆ ಬರೆದ ಮಾತು ಇದು. ಎದುರು ಮನೆಯ ಟೀಚರಮ್ಮ "ಓದಿ ಆಯ್ತಾ ಯಜಮಾನರೇ, ಬ್ರೆಡ್ಡು ಆರಿಹೋಗ್ತಿದೆ" ಎಂದು ಕೌಂಟರಿನ ಮೇಲೆ ಚಿಲ್ಲರೆ ಕುಟ್ಟುತ್ತಿದ್ದುದನ್ನು ನೀನು ನನಗಿಂತ ಹೆಚ್ಚು ವರ್ಷ ಕೇಳಿದ್ದೀಯ.

ಅಪ್ಪ ತೀರಿಕೊಂಡ ಮೇಲೆ, ಹೋದ ವರ್ಷ ನಿನ್ನ ಮಾವನವರಿಂದ ವಿಷಯ ತಿಳಿದಾಗ ನೀನು ನನಗೆ ಹೇಳಿದ್ದು ಇಷ್ಟೇ: "ಏನೋ ಬ್ರೆಡ್ ಕದ್ದರಂತೆ, ಜೈಲಾಯ್ತಂತೆ, ಅಮ್ಮನಿಗೆ ಗೊತ್ತಾಗೋದು ಬೇಡ." ಆ "ಅಂತೆ"ಗಳು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅರ್ಜಿ ಬಂದ ಮೇಲಂತೂ ಆಗಲೇ ಇಲ್ಲ. ಸೈನ್ಯದ ದಾಖಲೆ ಕಚೇರಿಗೆ ಹೋದೆ. ಬಸ್ಸಿನಲ್ಲಿ ಸ್ಟಾಪ್ ಬಂತೆಂದು ಕೂಗಿ ಹೇಳಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವ ನಾನು ಅಲ್ಲಿ ಕೌಂಟರಿನ ಮುಂದೆ ನಿಂತು ಅಪ್ಪನ ಹೆಸರು ಹೇಳಿದೆ.

ಅದೊಂದು ನೆಲಮಾಳಿಗೆ. ಉದ್ದದ ಮೇಜುಗಳು, ತಲೆಗೊಂದು ದೀಪ, ಪೆನ್ನು ಒಳಗೆ ಬಿಡುವುದಿಲ್ಲ, ಅವರೇ ಕೊಡುವ ಮೊಂಡು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು. ಕಡತ ತಂದುಕೊಡುವ ಮೇಲ್ವಿಚಾರಕರಿಗೆ ನಿವೃತ್ತಿ ಹತ್ತಿರವಿರಬೇಕು. ಯಾವಾಗಲೂ ಬಾಯಲ್ಲಿ ಲವಂಗ, ಯಾವಾಗಲೂ ಸ್ವೆಟರು. ಮೊದಲ ಮೂರು ವಾರ ನಾನು ಫಿರಂಗಿ ದಳದ ಕಡತಗಳನ್ನೇ ತರಿಸಿಕೊಂಡೆ. ಇದು ನಿನ್ನ ಪುಣ್ಯ. ಶಾಲೆಯಲ್ಲಿ ಯಾರೋ ಕೇಳಿದರೆಂದು ನಮ್ಮಪ್ಪ ಫಿರಂಗಿ ಹಾರಿಸುತ್ತಿದ್ದರು ಎಂದು ನೀನು ಹೇಳಿದೆ, ಆಮೇಲೆ ಊರೆಲ್ಲ ನಮ್ಮದನ್ನು "ಫಿರಂಗಿ ಬೇಕರಿ" ಎಂದಿತು, ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಗಿರಾಕಿ ಕೇಳಿದರೆ "ಬನ್ನು ಎಷ್ಟು ಬೇಕು?" ಅನ್ನುತ್ತಿದ್ದ. ನಾನು ಆ ಕಥೆಯಲ್ಲೇ ಬೆಳೆದವಳು. ಕೊನೆಗೆ ಒಂದು ದಿನ ಮೇಲ್ವಿಚಾರಕರು ನನ್ನ ಚೀಟಿ ನೋಡಿ, ಅಪ್ಪ ಯುದ್ಧ ಮುಗಿದ ಮೇಲೆ ಏನು ಕೆಲಸ ಮಾಡಿದರೆಂದು ಕೇಳಿದರು. ಬೇಕರಿ ಎಂದೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು ಹೇಳಿದರು: "ತಾಯಿ, ಹೊಡೆದಾಡಿದವರ ಕಡತ ಈ ಕಡೆ, ಉಣ್ಣೋಕೆ ಹಾಕಿದವರದ್ದು ಆ ಕಡೆ. ನೀವು ನಿಮ್ಮಪ್ಪನ್ನ ಫಿರಂಗಿ ಹಿಂದೆ ಹುಡುಕ್ತಾ ಇದೀರಿ, ಅವರು ಒಲೆ ಮುಂದೆ ಕೂತಿರ್ತಾರೆ." ಹಾಗೇ ಆಯಿತು. ಸರಬರಾಜು ದಳ, ಬಯಲು ಬೇಕರಿ, ಅಪ್ಪನ ಹೆಸರು, ಹೆಸರಿನ ಮೇಲೆ ಕೆಂಪು ಗೆರೆ. ಗೆರೆಯ ಪಕ್ಕದಲ್ಲಿ ವಿಚಾರಣೆಯ ಕಡತದ ಸಂಖ್ಯೆ.

ನಡೆದದ್ದನ್ನು ಹೇಳುತ್ತೇನೆ ಕೇಳು. ಆ ಬೇಕರಿ ಸಾವಿರಾರು ಸೈನಿಕರಿಗೂ ಪಕ್ಕದ ತಂತಿಬೇಲಿಯೊಳಗೆ ಕೂಡಿಹಾಕಿದ್ದ ಶತ್ರುಪಕ್ಷದ ಕೈದಿಗಳಿಗೂ ಬ್ರೆಡ್ಡು ಸುಡುತ್ತಿತ್ತು. ಚಳಿಗಾಲದಲ್ಲಿ ಹಿಟ್ಟು ಬರುವುದು ಕಡಿಮೆಯಾದಾಗ ಕೈದಿಗಳ ಪಡಿಯನ್ನು ಅರ್ಧಕ್ಕೆ ಇಳಿಸಬೇಕೆಂದು ಆಜ್ಞೆಯಾಯಿತು. ಅಪ್ಪ ಹಿಟ್ಟು ತೂಗುವ ಮೇಜಿನ ಮುಖ್ಯಸ್ಥ. ಸೈನಿಕರ ಒಂದೊಂದು ಬ್ರೆಡ್ಡಿನ ಉಂಡೆಯಿಂದಲೂ ಒಂದು ಚಿವುಟು ತೆಗೆದ. ಚಿವುಟುಗಳೆಲ್ಲ ಸೇರಿ ದಿನವೂ ಬೇರೆ ಬ್ರೆಡ್ಡುಗಳಾದವು, ಅವು ಬೇಲಿಯಾಚೆ ಹೋದವು. ಚಳಿಗಾಲ ಕಳೆಯುವವರೆಗೂ ಹೋದವು. ಒಬ್ಬ ಅಧಿಕಾರಿ ತಕ್ಕಡಿ ತರಿಸಿ ತೂಗಿದ ದಿನ ಅಪ್ಪ ಸಿಕ್ಕಿಬಿದ್ದ. ಅಪ್ಪ ತನ್ನ ಹೊಟ್ಟೆಗೆ ಹಾಕಿಕೊಂಡದ್ದಲ್ಲ, ಮಾರಿದ್ದಲ್ಲ. ಇದನ್ನು ಆರೋಪ ಹೊರಿಸಿದವರೇ ಒಪ್ಪಿದ್ದಾರೆ. ನಿನ್ನ ಮಾವನವರು ಹೇಳಿದ "ಕದ್ದರಂತೆ" ಇದು.

ವಿಚಾರಣೆಯನ್ನು ಬರೆದುಕೊಂಡವನು ಯಾರೋ ಏನೋ, ಅಪ್ಪನ ಮಾತನ್ನು ತಿದ್ದದೆ ಹಾಗ್ಹಾಗೇ ಇಳಿಸಿದ್ದಾನೆ. ಅವನಿಗೆ ನಾನು ಋಣಿ. ಆಜ್ಞೆ ನಿನಗೆ ತಿಳಿದಿತ್ತೇ ಎಂದು ಕೇಳಿದ್ದಾರೆ. "ಒಲೆ ಪಕ್ಕದ ಬಾಗಿಲಿಗೇ ಅಂಟಿಸಿದ್ರು ಸಾರ್, ದಿನಾ ಓದ್ತಿದ್ದೆ." ಓದಿದ ಮೇಲೂ ಹೀಗೆ ಮಾಡಿದೆಯಾ? "ಓದಿದ ಮೇಲೇ ಮಾಡಿದ್ದು." ಯಾರು ಹೇಳಿಕೊಟ್ಟರು? "ಯಾರೂ ಇಲ್ಲ. ಬ್ರೆಡ್ಡು ಬೇಯೋ ವಾಸನೆ ಬಂದ ಕೂಡಲೆ ಅವರೆಲ್ಲ ಬೇಲಿ ಹತ್ರ ಬಂದು ನಿಲ್ತಿದ್ರು. ಮಾತಾಡ್ತಿರಲಿಲ್ಲ. ಸುಮ್ಮನೆ ನಿಲ್ತಿದ್ರು." ಅವರು ಶತ್ರುಗಳು ಅನ್ನುವುದು ಗೊತ್ತಿತ್ತೇ? "ಗೊತ್ತಿತ್ತು. ಅದಕ್ಕೇ ಅಲ್ವಾ ಬೇಲಿ." ಬಿಟ್ಟರೆ ಮತ್ತೆ ಮಾಡುತ್ತೀಯಾ? "ಹಿಟ್ಟು ಕೊಟ್ರೆ ಮಾಡ್ತೀನಿ."

ನಾನು ನಕ್ಕುಬಿಟ್ಟೆ ಅಣ್ಣಾ. ಎಲ್ಲರೂ ಉಸಿರು ಬಿಗಿಹಿಡಿದು ಓದುವ ಆ ಕೋಣೆಯಲ್ಲಿ ಜೋರಾಗಿ ನಕ್ಕೆ. ತಲೆಗಳೆಲ್ಲ ಎದ್ದವು. ಮೇಲ್ವಿಚಾರಕರು ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ಅಳೋರನ್ನ ನೋಡಿದೀನಿ, ಬೈಯೋರನ್ನ ನೋಡಿದೀನಿ. ನಗೋರು ನೀವೇ ಮೊದಲು" ಎಂದು ಮೇಜಿನ ಮೇಲೆ ಒಂದು ಲವಂಗ ಇಟ್ಟು ಹೋದರು. ಅಷ್ಟು ವರ್ಷ ನಮ್ಮ ಜೊತೆ ಮಾತಿಗೆ ಪಡಿ ಹಾಕಿ ಬದುಕಿದ ಅಪ್ಪ ಅಲ್ಲಿ, ಅಷ್ಟು ಜನ ಅಧಿಕಾರಿಗಳ ಮುಂದೆ, ನನ್ನಷ್ಟೇ ವಯಸ್ಸಿನಲ್ಲಿ, ನಿಂತುಕೊಂಡು ಮಾತಾಡಿದ್ದ.

ಎಲ್ಲವೂ ಅಪ್ಪನ ಪರವಾಗಿಯೇ ಇದೆ ಎಂದು ನಿನಗೆ ಹೇಳುವುದಿಲ್ಲ. ಅದೇ ಕಡತದಲ್ಲಿ ಒಬ್ಬ ಕಾವಲು ಸೈನಿಕನ ಸಾಕ್ಷಿ ಇದೆ. "ಚಳೀಲಿ ನಿಂತು ಕಾಯೋನು ನಾನು. ನನ್ನ ತುತ್ತು ತೆಗೆದು ದಾನ ಮಾಡೋಕೆ ಇವನ್ಯಾರು?" ಅದಕ್ಕೆ ಅಪ್ಪ, "ಅವನು ಹೇಳೋದು ಸರಿ" ಎಂದಷ್ಟೇ ಹೇಳಿದ್ದಾನೆ. ಸರಿಯೆಂದು ಒಪ್ಪಿಕೊಂಡೂ ತಾನು ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ಮುಗ್ಧತೆ ಎಂದು ಕರೆಯಬೇಡ.

ಇನ್ನೊಂದು ಮಾತು. ಇದು ನಿನಗೂ ನನಗೂ ಬಿಟ್ಟರೆ ಬೇರೆಯವರಿಗೆ ಹೊಳೆಯಲಿಕ್ಕಿಲ್ಲ, ಏಕೆಂದರೆ ನಾವು ಹಿಟ್ಟಿನ ಮೂಟೆಗಳ ಮೇಲೆ ಮಲಗಿ ಬೆಳೆದವರು. ತಕ್ಕಡಿ ತರಿಸಿದ ಅಧಿಕಾರಿಯ ವರದಿಯಲ್ಲಿ "ಬ್ರೆಡ್ಡಿನ ಗುಣ ಉತ್ತಮ, ತೂಕ ಕಡಿಮೆ" ಎಂದಿದೆ. ನಾನು ಆ ಸಾಲನ್ನು ಓದಿ ಮುಂದಿನ ಪುಟಕ್ಕೆ ಹೋದವಳು. ಮರುದಿನ ಬೆಳಗ್ಗೆ ನಮ್ಮ ಮೇಜಿನ ಮೇಲೆ ಉಂಡೆ ತೂಗುವಾಗ ಕೈ ನಿಂತಿತು. ತೂಕ ಕಡಿಮೆ ಬೀಳುವ ಅಗತ್ಯವೇ ಇರಲಿಲ್ಲವಲ್ಲ. ಹಿಟ್ಟು ಉಳಿಸಬೇಕೆನ್ನುವ ಬೇಕರಿಯವನು ಮಾಡುವುದೇ ಬೇರೆ. ಹಿಟ್ಟಿಗೆ ನೀರು ಜಾಸ್ತಿ ಕುಡಿಸುತ್ತಾನೆ, ಒಲೆಯಿಂದ ಸ್ವಲ್ಪ ಬೇಗ ತೆಗೆಯುತ್ತಾನೆ. ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ. ತಿಂದವನ ಹೊಟ್ಟೆಗೆ ಗೊತ್ತಾಗುತ್ತದೆ, ಒಳಗೆಲ್ಲ ಹಸಿಹಸಿ, ಮರುದಿನಕ್ಕೆ ಬೂಷ್ಟು. ಈ ವಿದ್ಯೆ ಅಪ್ಪನಿಗೆ ಗೊತ್ತಿರಲಿಲ್ಲವೇ? ಕೆಳಗಿನ ಬೀದಿಯ ಬೇಕರಿಯವನ ಬ್ರೆಡ್ಡನ್ನು ಬೆರಳಿನಿಂದ ಒತ್ತಿ "ಇದನ್ನ ಹಿಂಡಿದ್ರೆ ಒಂದು ಲೋಟ ಆಗತ್ತೆ" ಎಂದವನಿಗೆ? ಗೊತ್ತಿತ್ತು. ನೀರು ಹಾಕಿದ್ದರೆ ಯುದ್ಧ ಮುಗಿಯುವವರೆಗೂ ಸಿಕ್ಕಿಬೀಳುತ್ತಿರಲಿಲ್ಲ, ಗೋಡೆಯ ಮೇಲೆ ಹೆಸರೂ ಇರುತ್ತಿತ್ತು. ಬ್ರೆಡ್ಡನ್ನು ಚಿಕ್ಕದು ಮಾಡಿದ, ಕೆಟ್ಟದ್ದು ಮಾಡಲಿಲ್ಲ. ತಕ್ಕಡಿಗೆ ಹಾಕಿದವರಿಗೆಲ್ಲ ಗೊತ್ತಾಗುವ ಹಾಗೆ ಚಿಕ್ಕದು ಮಾಡಿದ. ಸೈನಿಕನಿಂದ ಒಂದು ತುತ್ತು ತೆಗೆದುಕೊಂಡ, ಆದರೆ ಅವನಿಗೆ ಮೋಸ ಮಾಡಲಿಲ್ಲ. ಒಂದೊಂದು ಉಂಡೆಗೂ ಲೆಕ್ಕ ಹಾಕಿ, ಸಿಕ್ಕಿಬೀಳುತ್ತೇನೆಂದು ತಿಳಿದೂ ಮಾಡಿದ ಕೆಲಸಕ್ಕೆ ನೀನು "ತಿಳಿಯದೆ" ಎಂದು ಬರೆದಿದ್ದೀಯ.

ಆದ್ದರಿಂದ ಆ ಸಾಲಿನ ಕೆಳಗೆ ನಾನು ಸಹಿ ಹಾಕುವುದಿಲ್ಲ. ನೀನು ಫೋನು ಮಾಡಿ ಕೂಗಾಡಿದರೂ ಹಾಕುವುದಿಲ್ಲ, ಅತ್ತಿಗೆಯಿಂದ ಮೆಲ್ಲಗೆ ಹೇಳಿಸಿದರೂ ಹಾಕುವುದಿಲ್ಲ. ನಿನ್ನ ಮಾವನವರು ಸ್ವತಃ ಬಂದರೆ ಚಹಾ ಕೊಟ್ಟು, ಕಡತದಿಂದ ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡದ್ದನ್ನು ಓದಿ ಹೇಳುತ್ತೇನೆ. ಓದುವಾಗ ನನ್ನ ದನಿ ನಡುಗಬಹುದು; ನಡುಗಲಿ, ಓದುವುದು ನಿಲ್ಲುವುದಿಲ್ಲ. ಗೋಡೆಯ ಮೇಲೆ ಅಪ್ಪನ ಹೆಸರು ಬರಬೇಕೆಂದು ನಿನಗಿಂತ ನನಗೆ ಕಡಿಮೆ ಆಸೆಯೇನಿಲ್ಲ. ಆದರೆ ಪೆದ್ದ ಅನ್ನಿಸಿಕೊಂಡು ಅಪ್ಪ ಆ ಗೋಡೆ ಹತ್ತಬೇಕಾಗಿಲ್ಲ. ಬುದ್ಧಿ ನೆಟ್ಟಗಿದ್ದಾಗ ಮಾಡಿದ್ದನ್ನು ಬುದ್ಧಿ ಇಲ್ಲದೆ ಮಾಡಿದ್ದೆಂದು ಅವನ ಮಕ್ಕಳೇ ಬರೆದುಕೊಟ್ಟರೆ, ಸೈನ್ಯ ಕಿತ್ತುಕೊಳ್ಳಲಾರದೆ ಹೋದದ್ದನ್ನು ನಾವು ಕಿತ್ತುಕೊಂಡ ಹಾಗೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದೆ. ಸಿಟ್ಟಿದೆ. ಆದರೂ ಚಳಿಗಾಲಕ್ಕೆಂದು ಅಮ್ಮ ಹೆಣೆದ ಮಫ್ಲರು ಇನ್ನೂ ನಿನಗೇ ಎಂದು ತೆಗೆದಿಟ್ಟಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮ್ಮನಿಗೆ ಹೇಳಬೇಡ ಅಂದಿದ್ದೆಯಲ್ಲ, ಆ ವಿಷಯ ಬರೆಯಬೇಕು. ಕೆಳಗಿನಿಂದ ಕರೆಯುತ್ತಿದ್ದಾಳೆ, ಇಷ್ಟಕ್ಕೆ ಮುಗಿಸುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಒಂದು ಮುತ್ತು, ಹಲ್ಲಿಲ್ಲದ ಬಾಯಿ ತೆರೆಸಿ ಫೋಟೋ ತೆಗೆದು ಕಳಿಸು. ನಿನ್ನ ಆರೋಗ್ಯ ಜೋಪಾನ.

ನಿನ್ನ ತಂಗಿ

ಮರೆತದ್ದು: ಅಮ್ಮನಿಗೆ ಹೇಳಿಬಿಟ್ಟೆ. ನಿನ್ನೆ ಹೇಳಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ "ನನ್ನ ಹತ್ರ ಹೇಳೋಕೆ ಏನಾಗಿತ್ತು ಅವರಿಗೆ" ಎಂದು ಒಂದು ಸಲ ಅಪ್ಪನನ್ನು ಬೈದು, ನೀನು ಕಳಿಸಿದ ಅರ್ಜಿಯನ್ನು ನನ್ನಿಂದ ಪೂರ್ತಿ ಓದಿಸಿ ಕೇಳಿ, ತೆಗೆದುಕೊಂಡು ಒಲೆಗೆ ಹಾಕಿದಳು. ನಾನು ತಡೆಯಲಿಲ್ಲ. ಇದೇ ಲಕೋಟೆಯಲ್ಲಿ ಹೊಸ ಅರ್ಜಿ ಇದೆ. ಕಾರಣದ ಜಾಗದಲ್ಲಿ ಅವಳೇ ಹೇಳಿ ಬರೆಸಿದ್ದು: "ಹಸಿದವರಿಗೆ ಕೊಟ್ಟರು. ಶಿಕ್ಷೆಯನ್ನೂ ಅನುಭವಿಸಿದರು. ನಾವು ಕ್ಷಮೆ ಕೇಳುತ್ತಿಲ್ಲ, ಹೆಸರು ಕೇಳುತ್ತಿದ್ದೇವೆ." ಮೊದಲು ಅವಳ ಸಹಿ, ಕೆಳಗೆ ನನ್ನದು, ಅದರ ಕೆಳಗಿನ ಜಾಗ ಖಾಲಿ ಇದೆ. ಹಾಕುವುದಾದರೆ ಹಾಕಿ ಸಮಿತಿಗೆ ನೀನೇ ತಲುಪಿಸು, ತಿಂಗಳ ಕೊನೆ ಎಂದು ಅಮ್ಮನಿಗೂ ಗೊತ್ತು. ಹಾಕುವುದಿಲ್ಲವಾದರೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಇಲ್ಲಿಗೇ ಬಂದು ನನ್ನ ಮುಖ ನೋಡಿ ಹೇಳಲಿ. ಬರೋದಾದ್ರೆ ಬೆಳಗ್ಗೇನೇ ಬರಲಿ, ನಾದೋಕೆ ಕೈ ಕಡಿಮೆ ಇದೆ."