ಎಡಗಡೆಯ ಸೀಟು

ತುರುವೇಕೆರೆ

ದಿನೇಶ್ ಅವರಿಗೆ,

ತೀರಿಕೊಂಡ ನಮ್ಮ ಯಜಮಾನರ ಹಳೆಯ ಸ್ಪೋರ್ಟ್ಸ್ ಕಾರಿಗೆ ನೀವು ಹೇಳಿದ ಬೆಲೆ ನ್ಯಾಯವಾಗಿದೆ, ಒಪ್ಪಿದ್ದೇನೆ.

ಇಷ್ಟು ವರ್ಷವಾದರೂ ತುಕ್ಕು ಏಕಿಲ್ಲ ಎಂದು ಕೇಳಿದ್ದೀರಿ. ಅದು ನಿಂತದ್ದು ಕೊಬ್ಬರಿ ಅಟ್ಟದ ಕೆಳಗೆ, ಮನೆಯಲ್ಲೇ ಬೆಚ್ಚನೆಯ ಜಾಗದಲ್ಲಿ. ಕೊಬ್ಬರಿಯಾಗಲೆಂದು ಮೇಲೆ ಒಣಗಲಿಟ್ಟ ಕಾಯಿ ಉರುಳಿಬಿದ್ದು ಬಾನೆಟ್ಟು ನೆಗ್ಗೀತೆಂದು ಅಟ್ಟವನ್ನೇ ಖಾಲಿ ಮಾಡಿಸಿದರು. ಊರೆಲ್ಲ ಕೊಬ್ಬರಿ ಮಾಡುವಾಗ ನಾವು ಹಸಿಕಾಯಿ ಮಾರಿದೆವು.

ಎಡಗಡೆ ಸೀಟು ಹೊಸದರಂತಿದೆ, ಬದಲಿಸಿದ್ದೀರಾ ಎಂದೂ ಕೇಳಿದ್ದೀರಿ. ಇಲ್ಲ. "ನಿನ್ ತಲೆ ಎಣ್ಣೆ ಸೀಟಿಗೆ ಅಂಟ್ಕಂತದೆ ಕಣೇ, ಬಸ್ಸಲ್ಲಿ ಬಾ" ಅನ್ನುತ್ತಿದ್ದರು. ಹೆರಿಗೆಗೆ ತಿಪಟೂರಿಗೂ ನಾನು ಬಸ್ಸಿನಲ್ಲೇ ಹೋದೆ. ಅವರು ಕಾರಿನಲ್ಲಿ ಹಿಂದೆ ಬಂದರು.

ಗುರುವಾರವೇ ಬಂದು ಒಯ್ಯಿರಿ. ಶುಕ್ರವಾರ ಅಟ್ಟಕ್ಕೆ ಕಾಯಿ ಏರಿಸುವವರು ಬರುತ್ತಾರೆ.

ಇಂತಿ,
ವನಜಾಕ್ಷಿ