ಅಕ್ಕನ ಕೊನೆಯ ಬ್ಯಾಟರಿ

ನವೆಂಬರ್ ೧೨, ಮಂಗಳವಾರ

ಮುಟ್ಟಿದ ಕೈಯ ಬಿಸಿ ಪಾತ್ರೆಯಲ್ಲಿ ಉಳಿಯುತ್ತದೆ ಎಂದೇನೋ ಒಂದು ಸಾಲು. ಎಲ್ಲಿ ಓದಿದೆನೋ. ಉಳಿಯುತ್ತದೆಯೇ? ಬರೆದವರಿಗೇನು, ಬರೆದು ಹೋಗುತ್ತಾರೆ.

ಲ್ಯಾಬಿನಲ್ಲಿ ನನಗಿಂತ ಹಿರಿಯಳಾಗಿದ್ದ, ನಾನು ಅಕ್ಕ ಎಂದೇ ಕರೆಯುತ್ತಿದ್ದವಳು ತೀರಿಕೊಂಡು ವರ್ಷವಾಗುತ್ತ ಬಂತು. ಅವಳು ಕೈಯಾರೆ ಮಾಡಿದ ಕೊನೆಯ ಬ್ಯಾಟರಿ, ಕೋಟಿನ ಗುಂಡಿಯಷ್ಟು ಚಿಕ್ಕದು, ಪರೀಕ್ಷೆಯ ಯಂತ್ರದಲ್ಲಿ ಇನ್ನೂ ತುಂಬುತ್ತ ಬರಿದಾಗುತ್ತ ಇದೆ. ಈಚೆಗೆ ಅದರ ಶಕ್ತಿ ಕುಗ್ಗುತ್ತಿದೆ.

"ಪೂರ್ತಿ ಕೆಟ್ಟ ಮೇಲೆ ಬಿಚ್ಚಿದ್ರೆ ಎಲ್ಲಿಂದ ಕೆಟ್ಟಿತು ಅಂತ ಗೊತ್ತಾಗಲ್ಲಮ್ಮ," ಎಂದರು ನನ್ನ ಪಿಎಚ್‌ಡಿ ಗೈಡ್. "ಇವತ್ತೇ ನಿಲ್ಲಿಸಿ, ನಾಳೆ ಒಳಗಿನ ಕ್ಯಾಥೋಡ್ ಪುಡಿ ನೋಡೋಣ. ಅದೇನು ನಿಮ್ಮ ತವರಿನ ಒಡವೆನಾ?"

ಬಿಚ್ಚಿದರೆ ಅದು ಮತ್ತೆ ಓಡುವುದಿಲ್ಲ. ಅವಳು ಬಳಸಿದ ಲವಣಗಳನ್ನೇ ಹಾಕಿ, ಅದೇ ಫರ್ನೇಸಿನಲ್ಲಿ, ಅದೇ ಶಾಖಕ್ಕೆ ನಾನು ಸುಟ್ಟ ಕ್ಯಾಥೋಡ್ ಪುಡಿಯೂ ನೋಡಲು ಅಷ್ಟೇ ಕಪ್ಪು. ಆದರೆ ಕೆಲವೇ ವಾರಗಳಲ್ಲಿ ನನ್ನದರ ಕಣಗಳು ಒಳಗಿನಿಂದ ಬಿರುಕು ಬಿಡುತ್ತವೆ. ದ್ರಾವಣ ಹನಿಯುವಾಗ ಅವಳು ಗುನುಗುತ್ತಿದ್ದಳೆಂದು ನಾನೂ ಗುನುಗಿ ನೋಡಿದ್ದೇನೆ. ಯಾರ ಹತ್ತಿರ ಹೇಳಿಕೊಳ್ಳಲಿ.

ಸಂಜೆ ಹೊರಡುವ ಮುಂಚೆ ಯಂತ್ರದ ಎದುರು ನಿಂತೆ. ಹಸಿರು ದೀಪ ಉರಿಯುತ್ತಿತ್ತು. ಕೋಣೆಯಲ್ಲಿ ಯಾರೋ ಮೆಲ್ಲಗೆ ಉಸಿರಾಡುತ್ತಿದ್ದಂತಿತ್ತು. ನಿಲ್ಲಿಸಲು ಕೈ ಬರಲಿಲ್ಲ.

ಮನೆಯಲ್ಲಿ ನಾನೊಬ್ಬಳೇ. ಈಗಷ್ಟೇ ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು.

"ನೆಂಟರು ಬಂದಿದ್ದಾರೇನ್ರೀ? 'ನಿಲ್ಲಿಸಿಬಿಡ್ಲಾ ಅಕ್ಕಾ, ನಿಲ್ಲಿಸಿಬಿಡ್ಲಾ' ಅಂತ ಆಗಿಂದ ಕೇಳ್ತಾನೇ ಇದ್ದೀರಿ. ಹೂಂ ಅಂದ್ಬಿಡೋಕೆ ಹೇಳಿ ಅವರಿಗೆ. ನಾವೂ ಮಲಗಬೇಕಲ್ಲ."