ನಿಮ್ಮವರ ಜೇಬಿನಲ್ಲಿ ನಾನಿದ್ದ ಹದಿನಾಲ್ಕು ನಿಮಿಷ

ಸಂಚಾರ ತಪಾಸಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ದಡ್ಡಿ ಊರಿಗೆ ಹೋಗುವ ರಸ್ತೆಯಲ್ಲಿ, ನಿಮ್ಮ ಪೇದೆಯೊಬ್ಬರು ನನ್ನ ತಮ್ಮನ ಕೈಯಿಂದ ಮೊಬೈಲ್ ಕಸಿದು ತಮ್ಮ ಜೇಬಿಗೆ ಇಳಿಸಿದರು. ಕರೆ ಕಡಿತವಾಗಿರಲಿಲ್ಲ. ಅದರ ಇನ್ನೊಂದು ತುದಿಯಲ್ಲಿ ನಾನಿದ್ದೆ. ಹದಿನಾಲ್ಕು ನಿಮಿಷ ನಿಮ್ಮ ಇಲಾಖೆಯ ಜೇಬಿನೊಳಗಿದ್ದು ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಆದ್ದರಿಂದ ‘ಅಂಥದ್ದೇನೂ ನಡೆದಿಲ್ಲ’ ಎಂಬ ನಿಮ್ಮ ಸಿದ್ಧ ಉತ್ತರವನ್ನು ದಯವಿಟ್ಟು ನನಗೆ ಕಳುಹಿಸಬೇಡಿ.

ನನ್ನ ತಮ್ಮ ಅರ್ಜುನನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಮಮದಾಪುರದ ನಮ್ಮ ಮನೆಯಿಂದ ಬೈಕಿನಲ್ಲಿ ಊರೂರು ತಿರುಗಿ ರೈತರ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಾನೆ. ಓಡುವ ಮೋಟರಿನ ಮೇಲೆ ಅಂಗೈ ಇಟ್ಟು, ಬೇರಿಂಗ್ ಸವೆದಿದೆಯೋ ಶಾಫ್ಟ್ ಬಾಗಿದೆಯೋ ಎಂದು ತಿಳಿದುಕೊಳ್ಳುತ್ತಾನೆ. ಕಿವಿ ನೆಟ್ಟಗಿದ್ದ ಮೆಕ್ಯಾನಿಕರು ಕೈಬಿಟ್ಟ ಎಷ್ಟೋ ಮೋಟರುಗಳು ಇವನ ಕೈಯಲ್ಲಿ ಓಡಿವೆ. ಕಿವಿ ಕೇಳಿಸದವರಿಗೂ ಲೈಸೆನ್ಸ್ ಕೊಡಬಹುದೆಂದು ಸರ್ಕಾರ ಒಪ್ಪಿದ ಮೇಲೂ ಅದಕ್ಕಾಗಿ ನಾವು ಮೂರು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಅದು ಬಂದ ದಿನ ಅವನು ಓಣಿಯವರಿಗೆಲ್ಲ ಪೇಢೆ ಹಂಚಿದ್ದ.

ನಮ್ಮಿಬ್ಬರ ನಡುವೆ ಒಂದು ಪದ್ಧತಿಯಿದೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತನಾಡಿಸಿದರೆ ಅವನು ಬೈಕ್ ನಿಲ್ಲಿಸಿ ನನಗೆ ವಿಡಿಯೋ ಕಾಲ್ ಮಾಡುತ್ತಾನೆ. ಎದುರಿನವರು ನನಗೆ ಹೇಳುತ್ತಾರೆ, ನಾನು ಸನ್ನೆಯಲ್ಲಿ ಅವನಿಗೆ ಹೇಳುತ್ತೇನೆ. ನಾನು ನಿಡಸೋಸಿಯಲ್ಲಿ ಪ್ರಯೋಗಾಲಯ ಸಹಾಯಕಿ. ಅವನ ಕರೆ ಬಂದರೆ ಕೈಯಲ್ಲಿನ ಕೆಲಸ ಬಿಟ್ಟು ಎತ್ತುತ್ತೇನೆಂಬುದು ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಗೊತ್ತು. ಏಳು ವರ್ಷಗಳಿಂದ ಹೀಗೇ ನಡೆದಿದೆ.

ಅಂದು ನಿಮ್ಮ ಪೇದೆ ಕೈ ತೋರಿಸಿದರು. ಅವನು ನಿಂತ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ನನಗೆ ಕರೆ ಮಾಡಿದ. ನಾನಿನ್ನೂ ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ಆಗಲೇ ನಿಮ್ಮವರ ದನಿ ಬಂತು.

“ಏಯ್, ಫೋನ್ ಒಳಗ ಇಡಲೇ! ಯಾರಿಗ್ ಹಚ್ಚಾಕತ್ತಿ? ಯಾರ ಕಡಿಂದ ಹೇಳಸ್ತಿ?”

“ಸರ್, ನಾ ಅವನ ಅಕ್ಕ ಅದೀನ್ರಿ. ಅವಂಗ ಕಿವಿ ಕೇಳಂಗಿಲ್ರಿ. ನೀವು ನನಗ ಹೇಳ್ರಿ, ನಾ ಅವಂಗ ಹೇಳ್ತೀನಿ.”

“ವಿಡಿಯೋ ಮಾಡಾಕತ್ತಾನ್ ನೋಡ್ರಿ ಇಂವ!”

ಆಮೇಲೆ ನನ್ನ ಪರದೆಯ ಮೇಲೆ ಬರೀ ಕತ್ತಲೆ. ನಾನು ಕೂಗುತ್ತಲೇ ಇದ್ದೆ. ಇನ್ನೊಬ್ಬರು ಯಾರೋ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಫೋನ್ಯಾಗ ಯಾರೋ ಹೆಣ್ಮಗಳು ಒದರಾಕತ್ತಾಳಲ್ರಿ.” ಅದಕ್ಕೆ ನಿಮ್ಮ ಪೇದೆ ಕೊಟ್ಟ ಉತ್ತರ ಇದು: “ಒದರ್ಲಿ ಬಿಡು, ಬ್ಯಾಟರಿ ಮುಗದ್ಮ್ಯಾಲ ತಾನ ಸುಮ್ನಾಗ್ತಾಳ.”

ನಂತರ ಲೈಸೆನ್ಸ್ ಕೇಳಿದರು. ಲೈಸೆನ್ಸ್ ಎಲ್ಲಿತ್ತು ಗೊತ್ತೇ ಮಾನ್ಯರೇ? ಅವರದೇ ಜೇಬಿನಲ್ಲಿತ್ತು! ಕಾಗದ ಹೊತ್ತು ತಿರುಗಬೇಡಿ, ಎಲ್ಲವನ್ನೂ ಮೊಬೈಲಿನಲ್ಲೇ ಇಟ್ಟುಕೊಳ್ಳಿ ಎಂದು ನಮಗೆ ಉಪದೇಶ ಮಾಡಿದ್ದು ಸರ್ಕಾರ. ಆ ಮೊಬೈಲನ್ನು ಕಸಿದುಕೊಂಡು ದಾಖಲೆ ತೋರಿಸು ಎನ್ನುವುದು ಇಲಾಖೆ. ಇಂಥ ತಪಾಸಣೆಯಲ್ಲಿ ಪಾಸಾಗಬೇಕಾದರೆ ಮನುಷ್ಯನಿಗೆ ಕಿವಿಯಿದ್ದರೆ ಸಾಲದು, ಮಾಯಮಂತ್ರವೂ ಬರಬೇಕು.

ಅರ್ಜುನ ಗಾಬರಿಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಅಂಗೈ ಇಟ್ಟನಂತೆ. ಎಂಜಿನ್ ಆರಿದೆಯೋ ಇಲ್ಲವೋ ಎಂದು ಅವನು ತಿಳಿಯುವುದು ಹಾಗೆಯೇ. “ಓಡಿ ಹೋಗಾಕ ನೋಡ್ತಿಯೇನಲೇ!” ಎಂಬ ಕೂಗು ಬಂತು. ಅದರ ಹಿಂದೆಯೇ ಏಟಿನ ಸದ್ದು ಬಂತು.

ಅರ್ಜುನನ ಬಾಯಿಂದ ಹೊರಡುವ ಶಬ್ದ ಒಂದೇ, ಅಕ್ಕಾ. ಅದನ್ನೂ ಪೂರ್ತಿಯಾಗಿ ಅನ್ನಲು ಬರುವುದಿಲ್ಲ. ಸಾಲೆಯಲ್ಲಿ ಹುಡುಗರು ನಕ್ಕ ದಿನದಿಂದ ಹೊರಗಿನವರೆದುರು ಅವನು ದನಿ ತೆಗೆದವನೇ ಅಲ್ಲ. ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡೇ ಬದುಕಿದವನು ಅಂದು ನಡುರಸ್ತೆಯಲ್ಲಿ ನಿಂತು ನನ್ನನ್ನು ಕರೆದ. ಎರಡು ಸಲ ಕರೆದ. ನಿಮ್ಮವರು ನಕ್ಕರು. ನಾನು ಜೇಬಿನೊಳಗಿಂದ “ಅರ್ಜುನಾ, ನಾ ಇಲ್ಲೇ ಅದೀನೋ” ಎಂದು ಕೂಗಿದೆ. ನಾನು ಕೂಗಿದರೆ ಅವನಿಗೇನು ಕೇಳಿಸುತ್ತದೆ? ನಾನು ಅವನಿಗೆ ಸಿಗುವುದು ಕಣ್ಣಿನಲ್ಲಿ ಮಾತ್ರ. ಆ ಕಣ್ಣಿನ ಮುಂದಿನಿಂದ ನನ್ನನ್ನು ಕಿತ್ತುಕೊಂಡವರು ನಿಮ್ಮವರು.

ಕರೆ ಕಡಿತವಾಗಬಾರದೆಂದು, ಪಕ್ಕದ ಕಾಜಲ್ ಎಂಬ ಸಹೋದ್ಯೋಗಿಯ ಫೋನಿನಿಂದ ದಡ್ಡಿಯ ರೈತ ಸತ್ತೆಪ್ಪ ಕಾಕಾನಿಗೆ ಹೇಳಿದೆ. ತಮ್ಮ ಮೋಟರಿಗಾಗಿ ಅರ್ಜುನನ ದಾರಿ ಕಾಯುತ್ತಿದ್ದವರು ಅವರೇ. ಗಾಡಿ ಹತ್ತಿ ಬಂದು ಬಿಡಿಸಿ ಹೇಳಿದರು. ಆಗ ಜೇಬಿನಿಂದ ಫೋನ್ ಹೊರಗೆ ಬಂತು. ಪೇದೆ ಪರದೆಯಲ್ಲಿ ನನ್ನ ಮುಖ ನೋಡಿ ಏನೆಂದರು ಬಲ್ಲಿರಾ? “ಏನ್ರಿ ಮೇಡಂ, ಮೊದಲ ಹೇಳಬೇಕಿಲ್ಲೇನ್ರಿ?”

ಹದಿನಾಲ್ಕು ನಿಮಿಷ ಅದನ್ನೇ ಹೇಳುತ್ತಿದ್ದೆನಲ್ಲ ಸ್ವಾಮಿ!

ಇಷ್ಟಾದ ಮೇಲೂ ಕೈಗೆ ಬಂದದ್ದೇನು? ವಾಹನ ಚಲಾಯಿಸುತ್ತ ಮೊಬೈಲ್ ಬಳಸಿದ, ದಾಖಲೆ ತೋರಿಸಲಿಲ್ಲ, ಕರ್ತವ್ಯಕ್ಕೆ ಅಡ್ಡಿ ಮಾಡಿದ ಎಂಬ ಮೂರು ಆರೋಪಗಳು. ಹೋದ ವಾರ ಲೈಸೆನ್ಸ್ ಅಮಾನತು ಯಾಕೆ ಮಾಡಬಾರದೆಂಬ ನೋಟಿಸು. ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿ ನಿಂತ ಬೈಕನ್ನು ‘ಚಲಾಯಿಸುವುದು’ ಹೇಗೆಂದು ಯಾರಾದರೂ ನಮಗೆ ಕಲಿಸಿಕೊಡಿ, ಪೆಟ್ರೋಲ್ ಉಳಿಯುತ್ತದೆ. ಓಡಿಸುತ್ತ ಫೋನ್ ಹಿಡಿದವರಿಗೆ ದಂಡ ಹಾಕಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಆದರೆ ನಿಮ್ಮವರೇ ನಿಲ್ಲಿಸಿದ ಮೇಲೆ ಫೋನ್ ಹಿಡಿಯುವುದು ಯಾವ ಕಲಮಿನಲ್ಲಿ ಅಪರಾಧ? ಮನೆಗೆ, ವಕೀಲರಿಗೆ, ಅಕ್ಕನಿಗೆ ಕರೆ ಮಾಡಬಾರದೆಂದು ಎಲ್ಲಿ ಬರೆದಿದೆ? ಒಂದು ವೇಳೆ ಅವನು ವಿಡಿಯೋ ಮಾಡುತ್ತಿದ್ದನೆಂದೇ ಇಟ್ಟುಕೊಳ್ಳಿ. ನಮ್ಮನ್ನು ಚಿತ್ರಿಸಲು ನಿಮ್ಮವರು ಎದೆಗೆ ಕ್ಯಾಮೆರಾ ತೂಗುಹಾಕಿಕೊಳ್ಳಬಹುದು, ನಮ್ಮ ಕೈಯಲ್ಲೊಂದು ಮೊಬೈಲ್ ಕಂಡರೆ ಮಾತ್ರ ಮೈಮೇಲೆ ಬಂದಂತೆ ಆಡುವುದೇಕೆ? ಕಾಯಿದೆ ಪ್ರಕಾರ ಕೆಲಸ ಮಾಡುವವರಿಗೆ ಕ್ಯಾಮೆರಾದ ಭಯ ಯಾಕೆ?

ಅರ್ಜುನ ಈಗ ಬೈಕ್ ಮುಟ್ಟುತ್ತಿಲ್ಲ. ರೈತರು ಬಂದು ಕರೆದರೆ ನಮ್ಮವ್ವ ಇಂದ್ರವ್ವ ಬಾಗಿಲಲ್ಲೇ ನಿಂತು, “ಅವ ಬರಂಗಿಲ್ರಿ, ಹೆದರ್ಯಾನ” ಎಂದು ಹೇಳಿ ಕಳುಹಿಸುತ್ತಾಳೆ.

ನೋಟಿಸನ್ನು ಹಿಂದಕ್ಕೆ ಪಡೆಯಿರಿ. ನಿಲ್ಲಿಸಿದ ವಾಹನದ ಚಾಲಕ ಫೋನ್ ಬಳಸಬಹುದು, ಅದನ್ನು ಕಸಿದುಕೊಳ್ಳುವಂತಿಲ್ಲ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರತಿ ತಪಾಸಣೆಯ ಜಾಗದಲ್ಲೂ ಬರೆದು ಹಾಕಿ. ಆ ಪೇದೆಯನ್ನು ಒಮ್ಮೆ ನಮ್ಮ ಮನೆಗೆ ಕಳುಹಿಸಿ. ನನಗೆ ಪತ್ರ ಬೇಡ, ವಿಷಾದ ವ್ಯಕ್ತಪಡಿಸುವ ಪ್ರಕಟಣೆಯೂ ಬೇಡ, ನನ್ನ ತಮ್ಮ ಅವನ್ನು ಓದುವುದಿಲ್ಲ. ಅವರು ಅವನ ಎದುರು ನಿಂತು, ಅವನ ಕಣ್ಣಿಗೆ ಕಾಣುವಂತೆ, ತಮ್ಮ ಎರಡೂ ಕಿವಿ ಹಿಡಿದುಕೊಳ್ಳಲಿ. ಆ ಸನ್ನೆಯನ್ನು ತಿಳಿಸಿ ಹೇಳಲು ಅಕ್ಕನ ಅಗತ್ಯವೂ ಇಲ್ಲ.

ಇಂತಿ,
ಬ್ಯಾಟರಿ ಮುಗಿದರೂ ಸುಮ್ಮನಾಗದ,
ಅರ್ಜುನನ ಅಕ್ಕ ಭಾಗ್ಯಾ
ಮಮದಾಪುರ